ಮತ ಊರಿನಲ್ಲಿ, ದುಡಿಮೆ ಇಲ್ಲಿ

ಗಾರ್ಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವ ಕೆಲವು ಹೆಂಗಸರ ಜೊತೆ ನಾನು ಅಭ್ಯರ್ಥಿಯೊಬ್ಬರ ಚುನಾವಣಾ ಕಚೇರಿಗೆ ಹೋದದ್ದು 2023ರ ಏಪ್ರಿಲ್ ತಿಂಗಳ ಕೊನೆಯ ಭಾನುವಾರ. ವಿಧಾನಸಭೆಗೆ ಮೇ 10ರಂದು ಮತದಾನ. ಭಾನುವಾರ ಬಿಟ್ಟರೆ ಈ ಹೆಂಗಸರಿಗೆ ಬಿಡುವಿಲ್ಲ. ಅಂದೂ ವಾರದ ಬಟ್ಟೆ ಒಗೆದು, ಮಕ್ಕಳ ತಲೆಗೆ ನೀರು ಹಾಕಿ, ಮಧ್ಯಾಹ್ನದ ಅಡುಗೆ ಮುಗಿಸಿ ಬಂದಿದ್ದರು. ನಮ್ಮ ಕೈಯಲ್ಲಿ ಎರಡು ಪುಟದ ಮನವಿ ಪತ್ರವಿತ್ತು. ಕಾಲರ್ ಹೊಲಿಯುವ ಹುಡುಗಿಯೊಬ್ಬಳು ಗುಂಡಗಿನ ಅಕ್ಷರದಲ್ಲಿ ಬರೆದದ್ದು. ದಿನಕ್ಕೆ ಹನ್ನೆರಡು ಗಂಟೆಯವರೆಗೆ ದುಡಿಸಲು ಅವಕಾಶ ಕೊಡುವ ತಿದ್ದುಪಡಿಯನ್ನು ರದ್ದುಪಡಿಸಬೇಕು, ಕನಿಷ್ಠ ವೇತನ ಪರಿಷ್ಕರಿಸಬೇಕು, ಕಾರ್ಖಾನೆಗಳಲ್ಲಿ ಶಿಶುಪಾಲನಾ ಕೊಠಡಿ ಹೆಸರಿಗಷ್ಟೇ ಇರಬಾರದು. ಬೇಡಿಕೆಗಳು ಇವೇ.

ತುಮಕೂರು ರಸ್ತೆಯ ಕಡೆಯ ಒಂದು ಕಲ್ಯಾಣ ಮಂಟಪವೇ ಆಗ ಆ ಕಚೇರಿ. ಊಟದ ಹಾಲಿನಲ್ಲಿ ಪಂಕ್ತಿ ನಡೆಯುತ್ತಿತ್ತು. ಮದುವೆಯ ವೇದಿಕೆಯ ಮೇಲೆ ಮೇಜುಗಳನ್ನು ಹಾಕಿ, ಯುವಕರು ಮತದಾರರ ಪಟ್ಟಿಯ ಭಾಗಗಳನ್ನು ಬಿಡಿಸಿಕೊಂಡು ಕುಳಿತಿದ್ದರು. ಒಂದೊಂದು ಹೆಸರಿನ ಮುಂದೆಯೂ ಹಸಿರು, ಕೆಂಪು, ಹಳದಿ ಗುರುತು. ಹಸಿರು ನಮ್ಮವರು, ಕೆಂಪು ಅವರವರು, ಹಳದಿ ಇನ್ನೂ ತೀರ್ಮಾನವಾಗದವರು ಎಂದು ಒಬ್ಬ ಹುಡುಗ ಹೆಮ್ಮೆಯಿಂದ ವಿವರಿಸಿದ. ಜಾತಿಯನ್ನು ಪೆನ್ಸಿಲಿನಲ್ಲಿ ಬದಿಗೆ ಬರೆದಿದ್ದರು. ಒಂದು ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಮನೆ ಸಂಖ್ಯೆ, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಲಿಂಗ. ಯಾರು ಏನು ಕೆಲಸ ಮಾಡುತ್ತಾರೆ ಎಂಬ ಮಾಹಿತಿ ಮಾತ್ರ ಎಲ್ಲಿಯೂ ಇರಲಿಲ್ಲ.

ಅಭ್ಯರ್ಥಿ ಸಂಜೆಯ ಹೊತ್ತಿಗೆ ಬಂದರು. ಯಾವ ಪಕ್ಷ ಎಂದು ನಾನು ಬರೆಯುವುದಿಲ್ಲ. ಎದುರಾಳಿಯ ಕಚೇರಿಗೆ ಹೋಗಿದ್ದರೂ ಬೇರೆಯದೇನೂ ನಡೆಯುತ್ತಿರಲಿಲ್ಲ ಎಂದು ನಂಬಿದ್ದೇನೆ. ಮರ್ಯಾದಸ್ಥರು. ಎಲ್ಲರನ್ನೂ ಕೂರಿಸಿದರು, ಮಜ್ಜಿಗೆ ತರಿಸಿದರು, ಮನವಿಯ ಮೊದಲ ಪುಟವನ್ನು ಓದಿದರು ಕೂಡ. ಆಮೇಲೆ ತಲೆಯೆತ್ತಿ ಕೇಳಿದರು: "ನಿಮ್ಮ ವೋಟು ಎಲ್ಲಿದೆ ತಾಯಿ?"

"ಕುಣಿಗಲ್ ಹತ್ತಿರ ಸರ್, ಊರಿನಲ್ಲಿ" ಎಂದಳು ಮೊದಲನೆಯವಳು. ಎರಡನೆಯವಳದು ನಾಗಮಂಗಲ ತಾಲ್ಲೂಕು. ಇನ್ನೊಬ್ಬಳದು ತುರುವೇಕೆರೆ, ಮತ್ತೊಬ್ಬಳದು ಹಾವೇರಿ ಕಡೆ. ಕೊನೆಯಲ್ಲಿ ಕುಳಿತಿದ್ದ ಹಿರಿಯಾಕೆಯೊಬ್ಬಳಿಗೆ ಮಾತ್ರ ಅದೇ ಕ್ಷೇತ್ರದಲ್ಲಿ ಮತವಿತ್ತು. ಅಭ್ಯರ್ಥಿಯ ಮುಖ ಸಿಡುಕಲಿಲ್ಲ. ಆದರೆ ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಒರಗಿದರು, ಕಣ್ಣು ಬಾಗಿಲ ಕಡೆ ಹೋಯಿತು. ಅಲ್ಲಿ ಒಂದು ಬಡಾವಣೆಯ ನಿವಾಸಿಗಳ ಸಂಘದವರು ಕಾಯುತ್ತಿದ್ದರು. "ಆಗಲಿ, ಗಮನಿಸುತ್ತೇನೆ. ಊರಿಗೆ ಹೋಗಿ ತಪ್ಪದೆ ಮತ ಹಾಕಿ. ಅಲ್ಲಿಯೂ ನಮ್ಮ ಪಕ್ಷವೇ ನಿಂತಿದೆ" ಎಂದು ಕೈ ಮುಗಿದು ಎದ್ದರು.

ಅವರ ಮೇಲೆ ನನಗೆ ಕೋಪವಿಲ್ಲ. ಚುನಾವಣೆಯ ಲೆಕ್ಕದಲ್ಲಿ ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಅದು ಸರಿಯಾಗಿತ್ತು ಎಂಬುದೇ ನನ್ನನ್ನು ಬಹಳ ದಿನ ಕಾಡಿತು.

ಬೆಂಗಳೂರಿನ ಸುತ್ತಮುತ್ತ ಲಕ್ಷಗಟ್ಟಲೆ ಹೆಂಗಸರು ಉಡುಪು ಹೊಲಿಯುತ್ತಾರೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯಲ್ಲಿ ಬೆಳಗ್ಗೆ ಎಂಟೂವರೆಗೆ ನಿಂತು ನೋಡಿದರೆ ಊರಿಗೆ ಊರೇ ಗೇಟಿನೊಳಗೆ ಹೋಗುವುದು ಕಾಣುತ್ತದೆ. ಆದರೆ ಯಾವ ಕಾರ್ಖಾನೆಯೂ ಮತಗಟ್ಟೆಯಲ್ಲ. ಒಂದೇ ಲೈನಿನಲ್ಲಿ ಮೊಣಕೈಗೆ ಮೊಣಕೈ ತಾಗುವಂತೆ ಕುಳಿತವರು ಚುನಾವಣೆಯ ದಿನ ಹತ್ತಾರು ತಾಲ್ಲೂಕುಗಳಿಗೆ ಚದುರಿಹೋಗುತ್ತಾರೆ. ಅಲ್ಲಿ ಅವರು ಒಕ್ಕಲಿಗರು, ಲಿಂಗಾಯತರು, ಹೊಲೆಯರು, ಮಾದಿಗರು, ಕುರುಬರು, ಮುಸ್ಲಿಮರು. ಕೆರೆಯ ನೀರು, ದೇವಸ್ಥಾನದ ಜೀರ್ಣೋದ್ಧಾರ, ಸಿಮೆಂಟ್ ರಸ್ತೆ ಬೇಕಾದವರು. ಟೈಲರ್ ಆಗಿ, ಹೆಲ್ಪರ್ ಆಗಿ, ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಹೊತ್ತವರಾಗಿ ಅವರು ಮತ ಹಾಕುವ ಒಂದೇ ಒಂದು ಜಾಗ ಈ ರಾಜ್ಯದಲ್ಲಿಲ್ಲ. ಮಾಲೀಕನಿಗೆ ಇಂತಹ ತೊಂದರೆಯಿಲ್ಲ. ಅವನ ಮತವೂ ಒಂದೇ, ನಿಜ. ಆದರೆ ಅವನು ಮಾತನಾಡುವುದು ಮತದ ಮೂಲಕವಲ್ಲ. ಕಾರ್ಖಾನೆಯನ್ನು ಪಕ್ಕದ ರಾಜ್ಯಕ್ಕೆ ಒಯ್ಯುತ್ತೇನೆ ಎಂದು ಒಂದು ಮಾತು ಅಂದರೆ ಸಾಕು, ಯಾವ ಸರ್ಕಾರವಿದ್ದರೂ ಕೇಳಿಸಿಕೊಳ್ಳುತ್ತದೆ.

2018ರಲ್ಲಿ ಗಾರ್ಮೆಂಟ್ ಕಾರ್ಮಿಕರ ಕನಿಷ್ಠ ವೇತನ ಏರಿಸುವ ಕರಡು ಅಧಿಸೂಚನೆ ಹೊರಬಂದು, ವಿಧಾನಸಭಾ ಚುನಾವಣೆ ಬಾಗಿಲಲ್ಲಿದ್ದಾಗಲೇ ವಾಪಸಾಯಿತು. ಆಗ ಇದ್ದದ್ದು ಒಂದು ಪಕ್ಷ. 2020ರಲ್ಲಿ ತಿಂಗಳಿಗೆ 417 ರೂಪಾಯಿಯ ತುಟ್ಟಿಭತ್ಯೆಯನ್ನು ಮುಂದೂಡುವ ಆದೇಶ ಬಂತು. ಆಗ ಇದ್ದದ್ದು ಇನ್ನೊಂದು ಪಕ್ಷ. ಈ ಎರಡರ ನಡುವೆ ಮೂರನೆಯದೂ ಅಧಿಕಾರದಲ್ಲಿ ಪಾಲು ಪಡೆದಿತ್ತು.

2016ರ ಏಪ್ರಿಲ್‌ನಲ್ಲಿ ನಾನಿನ್ನೂ ಕಾರ್ಖಾನೆಯಲ್ಲಿದ್ದೆ, ಚೆಕಿಂಗ್ ವಿಭಾಗದಲ್ಲಿ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರ ಸರ್ಕಾರದ ಹೊಸ ನಿಯಮದ ಸುದ್ದಿ ಹಬ್ಬಿತು. ಗಾರ್ಮೆಂಟ್‌ನಲ್ಲಿ 58ರವರೆಗೆ ಯಾರು ಉಳಿಯುತ್ತಾರೆ? ನಲವತ್ತು ದಾಟುವ ಹೊತ್ತಿಗೆ ಸೊಂಟ ಹೋಗಿರುತ್ತದೆ, ಕಣ್ಣು ಮಂಜಾಗಿರುತ್ತದೆ. ಕೆಲಸ ಬಿಟ್ಟಾಗ ಸಿಗುವ ಪಿಎಫ್ ಹಣವೇ ಮಗಳ ಮದುವೆ, ಮಗನ ಕಾಲೇಜು, ಮನೆಯ ಭೋಗ್ಯದ ಹಣ, ಕೈಸಾಲದಿಂದ ಬಿಡುಗಡೆ. ಏಪ್ರಿಲ್ 18ರ ಸೋಮವಾರ ಹೊಸೂರು ರಸ್ತೆಯಲ್ಲಿ ಒಂದು ಗೇಟಿನಿಂದ ಹೊರಬಂದವರನ್ನು ನೋಡಿ ಇನ್ನೊಂದು ಗೇಟಿನವರು ಬಂದರು. ಜಾಲಹಳ್ಳಿ ಕ್ರಾಸಿನ ಕಡೆಯೂ ಹೆಂಗಸರು ಬೀದಿಗಿಳಿದರು. ಯಾವ ಪಕ್ಷವೂ ಕರೆ ಕೊಟ್ಟಿರಲಿಲ್ಲ, ದೊಡ್ಡ ಸಂಘಗಳಿಗೂ ಸುದ್ದಿ ತಲುಪಿದ್ದು ಆಮೇಲೆ. ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ನನ್ನ ಪಕ್ಕದಲ್ಲಿದ್ದವಳ ಸೆರಗನ್ನು ಬಾಟಲಿ ನೀರಿನಲ್ಲಿ ನೆನೆಸಿ ನಾವಿಬ್ಬರೂ ಕಣ್ಣಿಗೆ ಒತ್ತಿಕೊಂಡು ರಸ್ತೆ ವಿಭಜಕದ ಮೇಲೆ ಕುಳಿತಿದ್ದೆವು. 19ರ ಸಂಜೆ ನಿಯಮವನ್ನು ಹಿಂತೆಗೆದುಕೊಂಡಿರುವುದಾಗಿ ಕೇಂದ್ರ ಕಾರ್ಮಿಕ ಸಚಿವರು ಪ್ರಕಟಿಸಿದರು. ಇಡೀ ದೇಶದ ಪಿಎಫ್ ಚಂದಾದಾರರಿಗೆ ಅದರ ಲಾಭವಾಯಿತು, ಐಟಿ ಕಂಪನಿಯ ಉದ್ಯೋಗಿಗಳಿಗೂ. ಆ ಎರಡು ದಿನ ನಮ್ಮನ್ನು ಯಾರೂ ವೋಟು ಎಲ್ಲಿದೆ ಎಂದು ಕೇಳಲಿಲ್ಲ. ಹೊಸೂರು ರಸ್ತೆ ನಿಂತಿತ್ತು, ಯಂತ್ರಗಳು ನಿಂತಿದ್ದವು, ಹಡಗಿಗೆ ಹೋಗಬೇಕಾದ ಮಾಲು ಗೋದಾಮಿನಲ್ಲಿತ್ತು.

ಅದಕ್ಕೆ ಬೆಲೆ ತೆತ್ತವರೂ ಇದ್ದಾರೆ. ಮೊಕದ್ದಮೆ ಬಿದ್ದವರು, ಕೆಲಸ ಕಳೆದುಕೊಂಡವರು. ಆ ಸಿಟ್ಟನ್ನು ಹಿಡಿದು ನಿಲ್ಲಿಸುವ ಸಂಘಟನೆ ನಮ್ಮಲ್ಲಿ ಇರಲಿಲ್ಲ, ಎರಡು ದಿನದ ಶಕ್ತಿ ಮೂರನೆಯ ದಿನ ಕರಗಿತು. ಬೀದಿಗಿಳಿದರೆ ಎಲ್ಲವೂ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ.

ಕಲ್ಯಾಣ ಮಂಟಪದಿಂದ ಹೊರಬಂದ ಮೇಲೆ ಬಸ್ ನಿಲ್ದಾಣದಲ್ಲಿ ನಿಂತು ನಾವು ಬಹಳ ಹೊತ್ತು ಮಾತಾಡಿದೆವು. ಜೊತೆಗಿದ್ದ ಸಂಘದ ಹಿರಿಯರೊಬ್ಬರು, "ಅವರಿವರ ಬಾಗಿಲಿಗೆ ಹೋಗುವುದು ಯಾಕೆ? ಮುಂದಿನ ಸಲ ನಮ್ಮವರೇ ಒಬ್ಬರು ನಿಲ್ಲಲಿ" ಎಂದರು. ಅವರ ಮಾತಿನ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ಆದರೆ ವಿಧಾನಸಭೆಗೆ ಸ್ಪರ್ಧಿಸುವವರು ಕಾನೂನುಬದ್ಧವಾಗಿ ಖರ್ಚು ಮಾಡಬಹುದಾದ ಮಿತಿಯೇ 40 ಲಕ್ಷ ರೂಪಾಯಿ. ತಿಂಗಳಿಗೆ ಹನ್ನೆರಡು ಸಾವಿರ ಪಡೆಯುವ ಟೈಲರ್ ಒಬ್ಬಳು ಒಂದು ಪೈಸೆ ಮುಟ್ಟದೆ 27 ವರ್ಷ ಕೂಡಿಟ್ಟರೂ ಅಷ್ಟಾಗುವುದಿಲ್ಲ. ಹಣ ಕೊಡುವವರು ಬಂದರೆ ಅವರ ಷರತ್ತೂ ಬರುತ್ತದೆ. ಯಾವುದೋ ಪಕ್ಷ ನಮ್ಮವರನ್ನು ಹಣವಿಲ್ಲದೆಯೇ ಗೆಲ್ಲಿಸಿತು ಎಂದೇ ಇಟ್ಟುಕೊಳ್ಳೋಣ, ಆಮೇಲೆ?

ನಾನು ಸಾಗರ ತಾಲ್ಲೂಕಿನವಳು, ಗೇಣಿದಾರರ ಮನೆಯವಳು. ಆಮೇಲೆ ಏನಾಗುತ್ತದೆ ಎಂಬುದು ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು. ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರದ ಜಗಳದಿಂದ ಹುಟ್ಟಿದ್ದು 1951ರ ಕಾಗೋಡು ಸತ್ಯಾಗ್ರಹ. ಒಡೆಯರ ಕೊಳಗ ದೊಡ್ಡದು, ಒಕ್ಕಲಿನ ಹೊಟ್ಟೆ ಚಿಕ್ಕದು ಎಂದು ಅಜ್ಜ ಹೇಳುತ್ತಿದ್ದರು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಒಗ್ಗೂಡಿಸಿದರು, ಸಮಾಜವಾದಿಗಳು ಬೆನ್ನಿಗೆ ನಿಂತರು, ಅವರ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಜನ ತಂಡತಂಡವಾಗಿ ಜೈಲಿಗೆ ಹೋದರು. ಮರುವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಸಮಾಜವಾದಿ ಪಕ್ಷದಿಂದ ಗೆದ್ದು ವಿಧಾನಸಭೆಗೆ ಹೋದರು. ಅವರ ಪ್ರಾಮಾಣಿಕತೆಯನ್ನು ಶತ್ರುಗಳೂ ಪ್ರಶ್ನಿಸಲಿಲ್ಲ. ಅಂಥವರು ಸದನದಲ್ಲಿ ಗುಡುಗಿದರೂ ಉಳುವವನೇ ಹೊಲದೊಡೆಯ ಎಂಬುದು ಗಟ್ಟಿಯಾದ ಕಾನೂನಾದದ್ದು 1974ರಲ್ಲಿ, ದೇವರಾಜ ಅರಸರ ಕಾಲದಲ್ಲಿ. ಗೋಪಾಲಗೌಡರು 1972ರಲ್ಲೇ ತೀರಿಕೊಂಡಿದ್ದರು. ಅದೇ ಗರಡಿಯಿಂದ ಬಂದವರು ಆಮೇಲೆ ಬೇರೆ ಬೇರೆ ಪಕ್ಷಗಳ ಮೂಲಕ ಮುಖ್ಯಮಂತ್ರಿಗಳೂ ಆದರು. ಅಧಿಕಾರಕ್ಕೆ ಬಂದದ್ದು ವ್ಯಕ್ತಿಗಳು; ಚಳವಳಿ ಹೊಲದ ಬದುವಿನಲ್ಲೇ ಉಳಿಯಿತು.

ಆದರೂ ಕಾನೂನು ಬಂದದ್ದು ವಿಧಾನಸಭೆಯಿಂದಲೇ ಅಲ್ಲವೇ ಎಂದು ಆ ಹಿರಿಯರು ಕೇಳಿದರು. ಬಂದದ್ದು ನಿಜ. ನಮ್ಮ ಅಜ್ಜ ಗೇಣಿ ಭೂಮಿಯ ಹಕ್ಕು ಕೇಳುವ ಏಳನೇ ನಂಬರಿನ ಫಾರಂ ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತದ್ದು, ಎರಡು ಎಕರೆ ಗದ್ದೆ ಮನೆಗೆ ದಕ್ಕಿದ್ದು ನನಗೆ ಅನ್ನದಷ್ಟೇ ನಿಜ. ಆದರೆ ಒಂದೇ ಕಾನೂನು ಎಲ್ಲ ಕಡೆ ಒಂದೇ ಥರ ಕೆಲಸ ಮಾಡಲಿಲ್ಲ. ಮಲೆನಾಡು, ಕರಾವಳಿಯಲ್ಲಿ, ಗೇಣಿದಾರರು ಮೊದಲೇ ಒಗ್ಗಟ್ಟಾಗಿ ಒಡೆಯರೆದುರು ನಿಂತು ಅಭ್ಯಾಸವಾಗಿದ್ದ ಕಡೆ, ಸಾಲುಗಟ್ಟಿ ಅರ್ಜಿ ಹಾಕಿದರು. ಸಂಘಟನೆ ಇಲ್ಲದ ಕಡೆ ಎಷ್ಟೋ ಗೇಣಿದಾರರು ಒಡೆಯರಿಗೆ ಹೆದರಿ ಫಾರಂ ಅನ್ನೇ ಕೊಡಲಿಲ್ಲ. ವಿಧಾನಸೌಧ ಹಾಕಿದ ಮುದ್ರೆ ಎಲ್ಲೆಡೆ ಒಂದೇ. ವ್ಯತ್ಯಾಸ ಮಾಡಿದ್ದು ಜನ.

ಅದೇ ವಿಧಾನಸೌಧ 2020ರಲ್ಲಿ ಆ ಕಾನೂನಿನ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿತು. ದುಡ್ಡಿದ್ದವರು ಯಾರು ಬೇಕಾದರೂ ಕೃಷಿಭೂಮಿ ಕೊಳ್ಳಬಹುದು ಎಂದಾಯಿತು. ವಿರೋಧಿಸುತ್ತೇವೆ ಎಂದಿದ್ದ ಜಾತ್ಯತೀತ ಜನತಾದಳ ಡಿಸೆಂಬರಿನಲ್ಲಿ ಪರಿಷತ್ತಿನಲ್ಲಿ ಮಸೂದೆಯ ಪರ ನಿಂತಿತು. ಕಾಂಗ್ರೆಸ್ ಕಟುವಾಗಿ ವಿರೋಧಿಸಿತು. ಮುಂದೆ ಅದೇ ಕಾಂಗ್ರೆಸ್ ಭಾರಿ ಬಹುಮತದಿಂದ ಅಧಿಕಾರಕ್ಕೆ ಬಂದರೂ ಆ ಕಲಮುಗಳು ಮರಳಲಿಲ್ಲ. ವಿರೋಧ ಪಕ್ಷದ ಕುರ್ಚಿಯಲ್ಲಿ ಆಡುವ ಮಾತು ಒಂದು, ಆಡಳಿತದ ಕುರ್ಚಿಯಲ್ಲಿ ಕೇಳಬೇಕಾದ ಮಾತು ಇನ್ನೊಂದು. ಕುಳಿತವರು ಕೆಟ್ಟವರೆಂದಲ್ಲ. ಬಂಡವಾಳ ಹೂಡುವವರು ಮುನಿದರೆ ರಾಜ್ಯ ನಡೆಯುವುದಿಲ್ಲ ಎಂಬ ಭಯದ ಮೇಲೆಯೇ ಆ ಕುರ್ಚಿ ನಿಂತಿದೆ.

2023ರ ಮೇ 13ರಂದು ಫಲಿತಾಂಶ ಬಂತು, ಸರ್ಕಾರ ಬದಲಾಯಿತು. ನಮ್ಮ ಹೆಂಗಸರು ಸಂತೋಷಪಟ್ಟರು, ನಾನೂ ಪಟ್ಟೆ. ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಎಂದಾದಾಗ, ದಿನವೂ ಎರಡು ಬಸ್ ಬದಲಾಯಿಸಿ ಬರುವ ಹೆಲ್ಪರ್‌ಗಳಿಗೆ ತಿಂಗಳಿಗೆ ಉಳಿದ ಹಣ ಸಣ್ಣದಲ್ಲ. ಗೃಹಲಕ್ಷ್ಮಿಯ ಎರಡು ಸಾವಿರವನ್ನು ಹಗುರವಾಗಿ ಮಾತಾಡುವವರು ಬಾಡಿಗೆ ಕೋಣೆಯಲ್ಲಿ ತಿಂಗಳ ಕೊನೆಯ ವಾರ ಕಳೆದವರಲ್ಲ. ಆದ್ದರಿಂದ ಮತ ಹಾಕಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ನಾನೂ ಸಾಗರಕ್ಕೆ ಹೋಗಿ ಹಾಕಿ ಬರುತ್ತೇನೆ. ಆದರೆ ಈ ಹಣ ಖಜಾನೆಯದು, ಮಾಲೀಕರ ಲಾಭದ್ದಲ್ಲ. ಹನ್ನೆರಡು ಗಂಟೆಯ ಕಾನೂನನ್ನು ಹೊಸ ಸರ್ಕಾರ ಮುಟ್ಟಲಿಲ್ಲ. ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ, ಅಂದರೆ ಹೆಚ್ಚುವರಿ ದುಡಿಮೆಯ ಮಿತಿಯನ್ನು 144 ಗಂಟೆಗೆ ಏರಿಸಿದ್ದೂ ಹಾಗೆಯೇ ಉಳಿಯಿತು. ಮನೆಗೆ ಹಣ ಬರುವಂತೆ ಮಾಡಲು ಸರ್ಕಾರಕ್ಕೆ ಸಾಧ್ಯವಾಯಿತು, ಕಾರ್ಖಾನೆಯ ಗಡಿಯಾರವನ್ನು ಮುಟ್ಟಲು ಆಗಲಿಲ್ಲ.

ಈಗ ನಾವು ಕೆಲಸ ಮಾಡುತ್ತಿರುವುದು ಆ ಕಾನೂನಿನದೇ ಒಂದು ಸಾಲಿನ ಮೇಲೆ. ಹನ್ನೆರಡು ಗಂಟೆ ದುಡಿಸಬೇಕಾದರೆ ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕು ಎಂದು 2023ರ ಆ ತಿದ್ದುಪಡಿಯಲ್ಲಿದೆ. ಒಂದು ಕಾರ್ಖಾನೆಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆಯನ್ನು ಲೈನಿನಲ್ಲಿ ಹಂಚಿ, ಸಹಿ ಮಾಡಿ ಕೊಡಿ, ಎಲ್ಲರೂ ಕೊಡುತ್ತಿದ್ದಾರೆ ಎಂದು ಸೂಪರ್‌ವೈಸರ್ ಹೇಳಿದರು. ಕಾಲರ್ ಹೊಲಿಯುವ ಹುಡುಗಿ ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ತಂದಳು. ಭಾನುವಾರ ಅವಳ ಕೋಣೆಯಲ್ಲಿ ಕುಳಿತು ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿದೆವು. ಲೈನಿನಲ್ಲಿ ಒಂದು ವಿಶೇಷವಿದೆ. ಕಾಲರ್‌ನವಳು ಕೈ ಎತ್ತಿದರೆ ತೋಳಿನವಳ ಮುಂದೆ ಪೀಸ್ ಬರುವುದಿಲ್ಲ, ತೋಳಿನವಳು ನಿಂತರೆ ಬಟನ್ನಿನವಳಿಗೆ ಕೆಲಸವಿಲ್ಲ. ಯಾರೂ ಒಬ್ಬರೇ ನಿಲ್ಲಬೇಕಾಗಿಲ್ಲ, ಒಬ್ಬರೇ ನಿಲ್ಲಲೂ ಆಗುವುದಿಲ್ಲ. ಇದನ್ನು ಅವರಿಗೆ ನಾನು ವಿವರಿಸಬೇಕಾಗಿರಲಿಲ್ಲ.

ಎರಡು ಲೈನಿನವರು ಹಾಳೆಯನ್ನು ಸಹಿಯಿಲ್ಲದೆ ಹಿಂದಿರುಗಿಸಿದ್ದಾರೆ. ಮೂರನೆಯ ಲೈನಿನಲ್ಲಿ ಕೆಲವರು ಸಹಿ ಹಾಕಿದ್ದಾರೆ. ಅವರಿಗೆ ಮೈಕ್ರೋ ಫೈನಾನ್ಸ್ ಸಾಲದ ವಾರದ ಕಂತು ಕಟ್ಟಬೇಕು, ಹೆಚ್ಚು ದುಡಿದರೆ ಹೆಚ್ಚು ಸಿಗುತ್ತದೆ ಎಂದು ಅವರಿಗೆ ಹೇಳಲಾಗಿದೆ. ವಾರಕ್ಕೆ 48 ಗಂಟೆ ಮೀರದಂತೆ ನಾಲ್ಕು ದಿನ ಹನ್ನೆರಡು ಗಂಟೆ ದುಡಿಸಿದರೆ ಸಂಬಳ ಒಂದು ರೂಪಾಯಿಯೂ ಏರುವುದಿಲ್ಲ ಎಂಬುದನ್ನು ಅವರಿಗೆ ಸಂಬಳದ ಚೀಟಿ ಇಟ್ಟುಕೊಂಡು ಲೆಕ್ಕ ಮಾಡಿ ತೋರಿಸಬೇಕು. ಬರುವ ಭಾನುವಾರ ಲಗ್ಗೆರೆಯ ಕಡೆ ಅವರ ಮನೆಗಳಿಗೆ ಹೋಗುತ್ತಿದ್ದೇವೆ. ಕಾಲರ್ ಹುಡುಗಿಯೂ, ನಾಗಮಂಗಲದವಳೂ ಬರುತ್ತಾರೆ.