ಪಾಸ್‌ವರ್ಡ್ ಹೊಡೆದರೆ ಏನೂ ಕಾಣಲ್ಲ, ಆದರೂ ಹೊಡೆಯಿರಿ

ಗಂಗಾವತಿಯಲ್ಲಿ ನನ್ನ ಹತ್ತಿರ ಕಂಪ್ಯೂಟರ್ ಕಲಿಯಲು ಬರುವವರಲ್ಲಿ ಅಕ್ಕಿ ಗಿರಣಿ, ಗೊಬ್ಬರದ ಅಂಗಡಿಗಳಲ್ಲಿ ಲೆಕ್ಕ ಬರೆಯುವ ಹುಡುಗ ಹುಡುಗಿಯರೇ ಜಾಸ್ತಿ. ನಮ್ಮಲ್ಲಿರುವುದು ಹಳೆಯ ಡೆಸ್ಕ್‌ಟಾಪ್‌ಗಳು, ಅವುಗಳಲ್ಲಿ ವಿಂಡೋಸ್ ಬದಲು ಉಬುಂಟು 22.04 ಎಂಬ ಕಾರ್ಯಾಚರಣೆ ವ್ಯವಸ್ಥೆ. ಮೌಸ್ ಕೆಲಸವನ್ನು ಬೇಗ ಕಲಿಯುತ್ತಾರೆ. ಟರ್ಮಿನಲ್, ಅಂದರೆ ಆದೇಶಗಳನ್ನು ಟೈಪ್ ಮಾಡುವ ಕಿಟಕಿ, ತೆರೆದ ದಿನ ಮಾತ್ರ ಎಲ್ಲರೂ ಒಂದೇ ಕಡೆ ನಿಂತುಬಿಡುತ್ತಾರೆ.

"ಅಕ್ಕೋರೆ, ಕೀಬೋರ್ಡ್ ಕೆಟ್ಟೈತ್ರಿ. ಪಾಸ್‌ವರ್ಡ್ ಹೊಡದ್ರ ಏನೂ ಬರವಲ್ದು!"

ಕೀಬೋರ್ಡ್ ಕೆಟ್ಟಿಲ್ಲ. ಸುಡೊ ಅಂದರೆ ಪೂರ್ತಿ ಅಧಿಕಾರದಿಂದ ಆದೇಶ ನಡೆಸಲು ಮುಂದೆ ಹಾಕುವ ಪದ. ಅದು ಪಾಸ್‌ವರ್ಡ್ ಕೇಳುವಾಗ ನಾವು ಹೊಡೆದದ್ದನ್ನು ಪರದೆಗೆ ತರದಂತೆ ತಡೆದಿರುತ್ತದೆ. ಅಕ್ಷರ ಇಲ್ಲ, ಚುಕ್ಕಿ ಇಲ್ಲ, ಕರ್ಸರ್ ಕೂಡ ಜರುಗುವುದಿಲ್ಲ. ಚುಕ್ಕಿ ಕಂಡರೆ ಬೆನ್ನ ಹಿಂದೆ ನಿಂತವರಿಗೆ ಪಾಸ್‌ವರ್ಡ್ ಎಷ್ಟು ಉದ್ದ ಅಂತ ತಿಳಿಯುತ್ತದೆ, ಅಲ್ವಾ? ಗಿರಾಕಿಗಳು ಸುತ್ತ ನಿಂತಿರುವ ಅಂಗಡಿಯಲ್ಲಿ ಇದು ಒಳ್ಳೆಯ ಏರ್ಪಾಡು. ಉಬುಂಟುವಿನಂಥದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಮಿಂಟ್‌ನಲ್ಲಿ ನಕ್ಷತ್ರ ಚಿಹ್ನೆಗಳು ಮೂಡುತ್ತವೆ. ಅಲ್ಲಿ ಕಲಿತವರಿಗೆ ಉಬುಂಟು ಇನ್ನಷ್ಟು ಗಾಬರಿ ಹುಟ್ಟಿಸುತ್ತದೆ.

ನಿಧಾನವಾಗಿ ಪೂರ್ತಿ ಹೊಡೆದು ಎಂಟರ್ ಒತ್ತಿ. ನಡುವೆ ತಪ್ಪಿತು ಅನಿಸಿದರೆ ಕಂಟ್ರೋಲ್ ಜೊತೆ ಯು ಒತ್ತಿ, ಹೊಡೆದದ್ದೆಲ್ಲ ಅಳಿಯುತ್ತದೆ. ಪಾಸ್‌ವರ್ಡ್ ತಪ್ಪಾದರೆ ಮತ್ತೆ ಕೇಳುತ್ತದೆ, ಒಟ್ಟು 3 ಅವಕಾಶ. ಸರಿಯಾದದ್ದೇ ಹೊಡೆದರೂ ಒಪ್ಪದಿದ್ದರೆ ಕ್ಯಾಪ್ಸ್ ಲಾಕ್ ನೋಡಿ. ಆಮೇಲೆ ಕೀಬೋರ್ಡ್ ಕನ್ನಡದಲ್ಲಿದೆಯಾ ನೋಡಿ. ನಮ್ಮಲ್ಲಿ ಕನ್ನಡದಲ್ಲಿ ಬಿಲ್ ಬರೆದು ನೇರ ಟರ್ಮಿನಲ್‌ಗೆ ಬರುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ಸುಡೊ ಹೊಡೆಯುವ ಮೊದಲು ಸುಮ್ನೆ ಎಬಿಸಿ ಹೊಡೆದರೆ ಯಾವ ಭಾಷೆ ಅಂತ ಕಣ್ಣಿಗೆ ಕಾಣುತ್ತದೆ.

ನಾನು ಮೊದಲು ಹಾಕಿಸುವುದು ಐಬಸ್-ಎಂ17ಎನ್ ಎಂಬ ಪ್ಯಾಕೇಜ್, ಅಂದರೆ ತಂತ್ರಾಂಶದ ಕಟ್ಟು. ಕಗಪ ಎಂಬ ಕೀಬೋರ್ಡ್ ವಿನ್ಯಾಸದಲ್ಲಿ ಕನ್ನಡ ಬರೆಯಲು ನಾವು ಅದನ್ನು ಬಳಸುತ್ತೇವೆ. 'ಸುಡೊ ಆಪ್ಟ್ ಅಪ್‌ಡೇಟ್' ಅಂತ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ. ಆಪ್ಟ್ ಎಂದರೆ ತಂತ್ರಾಂಶ ಹಾಕುವ, ತೆಗೆಯುವ ಸಾಧನ. ಆದರೆ ಈ ಆದೇಶ ಯಾವ ತಂತ್ರಾಂಶವನ್ನೂ ಹಾಕುವುದಿಲ್ಲ, ಏನೇನು ಸಿಗುತ್ತದೆ ಎಂಬ ಹೊಸ ಪಟ್ಟಿ ತರುತ್ತದೆ, ಅಷ್ಟೇ. ಆಮೇಲೆ 'ಸುಡೊ ಆಪ್ಟ್ ಇನ್‌ಸ್ಟಾಲ್' ಮುಂದೆ ಪ್ಯಾಕೇಜಿನ ಹೆಸರು. ಈ ಸಲ ಪಾಸ್‌ವರ್ಡ್ ಕೇಳದಿದ್ದರೆ ಹೆದರಬೇಡಿ. ಅದೇ ಕಿಟಕಿಯಲ್ಲಿ 15 ನಿಮಿಷ ಸುಡೊ ನಿಮ್ಮನ್ನು ನೆನಪಿಟ್ಟುಕೊಂಡಿರುತ್ತದೆ. ಹಾಗಾಗಿ ಆ ಹೊತ್ತಿನಲ್ಲಿ ಕಂಪ್ಯೂಟರ್ ಬಿಟ್ಟು ಚಹಾಕ್ಕೆ ಹೋಗಬೇಡಿ. ಸುಡೊ ಎಂದರೆ ಇಡೀ ಯಂತ್ರದ ಮೇಲೆ ಅಧಿಕಾರ.

ಮುಂದುವರಿಯಲಾ ಅಂತ ಆಪ್ಟ್ ಕೇಳಿದಾಗ ತಟ್ಟನೆ ವೈ ಒತ್ತಬೇಡಿ. ಮೇಲಿನ ಸಾಲುಗಳನ್ನು ಓದಿ. ಹೊಸದಾಗಿ ಏನು ಬರುತ್ತದೆ, ಎಷ್ಟು ಎಂಬಿ, ಎಲ್ಲ ಅಲ್ಲಿರುತ್ತದೆ. ಇರುವ ತಂತ್ರಾಂಶ ತೆಗೆಯುತ್ತೇನೆ ಎಂದಿದ್ದರೆ ಎನ್ ಒತ್ತಿ ಯಾರನ್ನಾದರೂ ಕೇಳಿ. ಈ ಒಂದು ಅಭ್ಯಾಸ ಬಂದರೆ ನನಗೆ ಅರ್ಧ ಪಾಠ ಮುಗಿದಂತೆ.

ನಡುವೆ ಕರೆಂಟ್ ಹೋಯಿತೇ? ಬಂದ ಮೇಲೆ 'ಸುಡೊ ಡಿಪಿಕೆಜಿ --ಕಾನ್‌ಫಿಗರ್ -ಎ' ಹೊಡೆಯಿರಿ, ಅರ್ಧಕ್ಕೆ ನಿಂತದ್ದನ್ನು ಪೂರ್ತಿ ಮಾಡುತ್ತದೆ. ಕೊನೆಗೆ ಲಾಗ್‌ಔಟ್ ಆಗಿ ಒಳಗೆ ಬನ್ನಿ, ಸೆಟ್ಟಿಂಗ್ಸ್‌ನ ಕೀಬೋರ್ಡ್ ಪುಟದಲ್ಲಿ ಕನ್ನಡ ಕಗಪ ಸೇರಿಸಿ.