ಈಮ್: ಬಾಗಿಲ ಪಕ್ಕ ಹೆಸರು ಬರೆದಿಟ್ಟ ಊರು

2024 ಜೂನ್ 15, ಶನಿವಾರ
ಶೆಫೀಲ್ಡ್

ರಾತ್ರಿ ಹತ್ತು ಗಂಟೆ. ಜೂನ್ ತಿಂಗಳಲ್ವಾ, ಕಿಟಕಿಯಾಚೆ ಇನ್ನೂ ಪೂರ್ತಿ ಕತ್ತಲಾಗಿಲ್ಲ. ಅಮ್ಮ ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಿದ್ದಾಳೆ. ಇವತ್ತು ಅವಳನ್ನು ತುಂಬಾ ನಡೆಸಿಬಿಟ್ಟೆ. ನನಗೆ ನಿದ್ದೆ ಬರುತ್ತಿಲ್ಲ. ನೋಡಿದ್ದೆಲ್ಲ ಕಣ್ಣಲ್ಲಿ ಇರುವಾಗಲೇ ಬರೆದಿಡೋಣ ಅಂತ ಕೂತೆ.

ಅಮ್ಮ ಇಲ್ಲಿಗೆ ಬಂದು ಮೂರು ವಾರ ಆಯಿತು. ಶೆಫೀಲ್ಡಿನ ಪಾರ್ಕು, ಅಂಗಡಿ ಬೀದಿ ಎಲ್ಲ ಆಯಿತು. ಮೊನ್ನೆ ರಾತ್ರಿ ಅನ್ನ ಬಡಿಸುತ್ತಾ, "ಪೇಟೆ ಸಾಕು ಕಣೇ, ಇಲ್ಲಿ ಹಳ್ಳಿ ಅಂತ ಇರಲ್ವಾ? ಕುರಿ, ಹಸು ಇರೋ ಊರು ಯಾವುದಾದ್ರೂ ತೋರಿಸು" ಅಂದಳು. ನನಗೆ ತಕ್ಷಣ ನೆನಪಾದದ್ದು ಈಮ್. ಇಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರ್, ಡರ್ಬಿಷೈರ್ ಜಿಲ್ಲೆ. ಅದರ ಇಂಗ್ಲಿಷ್ ಅಕ್ಷರ ನೋಡಿದರೆ ಯಾರಾದರೂ 'ಇಯಾಮ್' ಅಂತಲೇ ಓದೋದು. ನಾನೂ ಡ್ರೈವರ್ ಹತ್ತಿರ ಹಾಗೇ ಟಿಕೆಟ್ ಕೇಳಿದೆ. ಅವರು ನಗುತ್ತಾ "ಈಮ್" ಅಂದರು.

ಬಸ್ಸು ಪಟ್ಟಣ ದಾಟಿದ ಮೇಲೆ ಬೋಳು ಗುಡ್ಡ ಹತ್ತುತ್ತದೆ. ಮರ ಇಲ್ಲ, ಮನೆ ಇಲ್ಲ, ಕಂದು ಬಣ್ಣದ ಗಿಡಗಂಟಿ, ಗಾಳಿ, ಅಷ್ಟೇ. ಇದೆಲ್ಲ ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನ, 1951ರಲ್ಲಿ ಆದದ್ದು, ಬ್ರಿಟನ್ನಿನಲ್ಲಿ ಮೊದಲನೆಯದು. ಆಮೇಲೆ ಒಂದೇ ಸಮ ಇಳಿದು ಡರ್ವೆಂಟ್ ನದಿ ದಾಟಿ ಮತ್ತೆ ಮೇಲೆ ಹತ್ತಿದರೆ ಈಮ್.

ಮೊದಲು ಊರು ನೋಡಲು ಹೇಗಿದೆ ಅಂತ ಹೇಳಿಬಿಡುತ್ತೇನೆ. ಸುಮಾರು ಒಂದು ಸಾವಿರ ಜನ ಇರುವ ಊರು. ಗುಡ್ಡದ ಮಡಿಲಲ್ಲಿ ಉದ್ದಕ್ಕೆ ಒಂದೇ ಬೀದಿ, ಅದರ ಎರಡೂ ಕಡೆ ಕಲ್ಲಿನ ಮನೆಗಳು. ಮನೆ ಮುಂದೆ ಗುಲಾಬಿ, ಕಿಟಕಿ ಕಟ್ಟೆ ಮೇಲೆ ಬೆಕ್ಕು. ಊರಿನ ದಕ್ಷಿಣಕ್ಕೆ ಬಿಳಿ ಸುಣ್ಣಕಲ್ಲು, ಉತ್ತರದ ಗುಡ್ಡದಲ್ಲಿ ಮರಳಿನಂಥ ಒರಟು ಕಪ್ಪುಕಲ್ಲು. ಈಮ್ ಎರಡರ ಗಡಿಯಲ್ಲಿ ಕೂತಿದೆ. ಒಂದು ಕಾಲದಲ್ಲಿ ಇಲ್ಲಿ ಸೀಸದ ಗಣಿಗಳಿದ್ದವು, ಅದರ ನೆನಪಿಗೆ ಮೈನರ್ಸ್ ಆರ್ಮ್ಸ್ ಅನ್ನೋ ಪಬ್ಬು ಇವತ್ತಿಗೂ ಇದೆ. ಹೊಲಗಳ ನಡುವೆ ಗಾರೆ ಇಲ್ಲದೆ ಕಟ್ಟಿದ ಕಲ್ಲುಗೋಡೆಗಳು, ಅಮ್ಮ ಒಂದರ ಹತ್ತಿರ ಹೋಗಿ ಸಂದಿಯಲ್ಲಿ ಬೆರಳು ಹಾಕಿ ನೋಡಿದಳು. "ಮಣ್ಣೂ ಇಲ್ಲ ಸುಣ್ಣವೂ ಇಲ್ಲ. ನಮ್ಮಪ್ಪ ತೋಟಕ್ಕೆ ಹೀಗೇ ಕಟ್ಟಿಸಿದ್ದು" ಅಂದಳು.

ಬೀದಿ ಬದಿಯಲ್ಲಿ ಅಲ್ಲಲ್ಲಿ ಕಲ್ಲಿನ ತೊಟ್ಟಿಗಳಿವೆ. 1588ರಲ್ಲೇ ಗುಡ್ಡದ ಊಟೆ ನೀರನ್ನು ಊರೊಳಗೆ ತಂದು ಈ ತೊಟ್ಟಿಗಳಿಗೆ ಬಿಟ್ಟಿದ್ದರಂತೆ. ಅದನ್ನು ಓದಿ ಹೇಳಿದಾಗ ಅಮ್ಮನಿಗೆ ಈ ಊರಿನ ಮೇಲೆ ಗೌರವ ಬಂತು. ನೀರಿನ ವಿಷಯದಲ್ಲಿ ಬುದ್ಧಿ ಇರೋ ಊರು ಒಳ್ಳೆ ಊರು ಅನ್ನೋದು ಅವಳ ಲೆಕ್ಕ. ಆಗಸ್ಟ್ ಕೊನೆಗೆ ಬಂದರೆ ಇನ್ನೂ ಚೆಂದ. ಹಲಗೆಯ ಮೇಲೆ ಹಸಿ ಜೇಡಿಮಣ್ಣು ಮೆತ್ತಿ, ಒಂದೊಂದೇ ಹೂವಿನ ಎಸಳು ಒತ್ತಿ ದೊಡ್ಡ ಚಿತ್ರ ಮಾಡಿ ನೀರಿನ ಜಾಗದಲ್ಲಿ ನಿಲ್ಲಿಸುತ್ತಾರೆ. ಬಾವಿಗೆ ಅಲಂಕಾರ ಮಾಡೋದು ಈ ಸೀಮೆಯ ಪದ್ಧತಿ. "ಗಂಗೆ ಪೂಜೆ ಇವರೂ ಮಾಡ್ತಾರೆ ಅನ್ನು" ಅಂದಳು ಅಮ್ಮ.

ಅಷ್ಟರಲ್ಲಿ ಚರ್ಚಿನ ಪಕ್ಕದ ಸಾಲುಮನೆಗಳ ಹತ್ತಿರ ಬಂದೆವು. ಪ್ರತಿ ಮನೆಯ ಮುಂದೆ ಒಂದು ಹಸಿರು ಫಲಕ. ಹೆಸರುಗಳು, ತಾರೀಕುಗಳು. ಅಮ್ಮ ಕೇಳಿದಳು, "ಏನೇ ಇದು, ಮನೆ ಯಜಮಾನರ ಹೆಸರಾ?"

ಅಲ್ಲ. ಆ ಮನೆಯಲ್ಲಿ ಪ್ಲೇಗಿನಿಂದ ಸತ್ತವರ ಹೆಸರು.

1665ರಲ್ಲಿ ಲಂಡನ್ನಿನಲ್ಲಿ ಪ್ಲೇಗು ಇತ್ತು. ಅಲ್ಲಿಂದ ಈ ಊರಿನ ಒಂದು ಮನೆಗೆ ಬಟ್ಟೆಯ ಮೂಟೆ ಬಂತು. ಆ ಮನೆಯಲ್ಲಿ ಇಳಿದುಕೊಂಡಿದ್ದ ದರ್ಜಿ ಜಾರ್ಜ್ ವಿಕರ್ಸ್ ಬಟ್ಟೆ ತೇವ ಆಗಿದೆ ಅಂತ ಬಿಚ್ಚಿ ಬೆಂಕಿ ಮುಂದೆ ಒಣಹಾಕಿದನಂತೆ. ಬಟ್ಟೆಯಲ್ಲಿ ಚಿಗಟ ಇತ್ತು ಅಂತ ಈಗ ಹೇಳುತ್ತಾರೆ. ಸೆಪ್ಟೆಂಬರ್ ಮೊದಲ ವಾರದಲ್ಲೇ ಅವನು ಹೋದ. ಆಮೇಲೆ ಆ ಮನೆಯ ಮಕ್ಕಳು, ಆಮೇಲೆ ಪಕ್ಕದ ಮನೆ. ಚಳಿಗಾಲದಲ್ಲಿ ಸ್ವಲ್ಪ ತಣ್ಣಗಾಗಿ, ಮುಂದಿನ ಬೇಸಿಗೆಗೆ ಬೆಂಕಿಯ ಹಾಗೆ ಹಬ್ಬಿತು. 14 ತಿಂಗಳಲ್ಲಿ 260 ಜನ ಸತ್ತರು.

ಈ ಊರಿನ ಹೆಸರು ಉಳಿದಿರೋದು ಆ ಸಾವಿನಿಂದಲ್ಲ. ಅದಕ್ಕಿಂತ ಜಾಸ್ತಿ ಸತ್ತ ಊರುಗಳು ಎಷ್ಟೋ ಇವೆ. 1666ರ ಜೂನ್ ತಿಂಗಳಲ್ಲಿ ಇಲ್ಲಿನ ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಅವರಿಗಿಂತ ಮುಂಚೆ ಇಲ್ಲಿದ್ದ ಪಾದ್ರಿ ಥಾಮಸ್ ಸ್ಟಾನ್ಲಿ ಸೇರಿ ಜನರ ಮುಂದೆ ಒಂದು ಮಾತು ಇಟ್ಟರು. ಯಾರೂ ಊರಿನ ಗಡಿ ದಾಟೋದು ಬೇಡ, ರೋಗ ನಮ್ಮಲ್ಲೇ ಮುಗಿಯಲಿ. ಸತ್ತವರನ್ನು ಅವರವರ ಮನೆಯವರೇ ಹಿತ್ತಿಲಲ್ಲೋ ಹೊಲದಲ್ಲೋ ಮಣ್ಣು ಮಾಡಬೇಕು. ಚರ್ಚಿಗೆ ಬೀಗ, ಪ್ರಾರ್ಥನೆ ಊರಾಚೆ ಕಕ್‌ಲೆಟ್ ಡೆಲ್ಫ್ ಅನ್ನೋ ಹಳ್ಳದಲ್ಲಿ, ಮನೆ ಮನೆಯವರು ದೂರ ದೂರ ನಿಂತು. ಈ ಇಬ್ಬರು ಪಾದ್ರಿಗಳು ಒಂದೇ ಪಂಥದವರಲ್ಲ. ಸ್ಟಾನ್ಲಿಯವರನ್ನು ಹಳೇ ಜಗಳದಲ್ಲಿ ಕೆಲಸದಿಂದ ತೆಗೆದಿದ್ದರು, ಜನಕ್ಕೆ ಮಾತ್ರ ಅವರ ಮೇಲೇ ಪ್ರೀತಿ ಇತ್ತು. ಮಾಂಪೆಸನ್ ಹೊಸಬರು, ಇನ್ನೂ ಮೂವತ್ತು ತುಂಬದ ಹುಡುಗ. ಇಬ್ಬರೂ ಜೊತೆಗೆ ನಿಂತದ್ದಕ್ಕೇ ಜನ ಒಪ್ಪಿರಬೇಕು ಅಂತ ನನಗೆ ಅನಿಸುತ್ತದೆ.

ಮಾಂಪೆಸನ್ ತಮ್ಮ ಇಬ್ಬರು ಮಕ್ಕಳನ್ನು ಅದಕ್ಕೂ ಮೊದಲೇ ಯಾರ್ಕ್‌ಷೈರಿಗೆ ಕಳಿಸಿದ್ದರು. ಹೆಂಡತಿ ಕ್ಯಾಥರಿನ್ ಗಂಡನನ್ನು ಬಿಟ್ಟು ಹೋಗಲಿಲ್ಲ. ಆಗಸ್ಟ್‌ನಲ್ಲಿ ತೀರಿಕೊಂಡರು. ಅವರ ಸಮಾಧಿ ಚರ್ಚಿನ ಅಂಗಳದಲ್ಲೇ ಇದೆ, ಸಾವಿರ ವರ್ಷಕ್ಕೂ ಹಳೆಯದಾದ ಕಲ್ಲಿನ ಶಿಲುಬೆಯ ಹತ್ತಿರ. ಅಮ್ಮ ಅದರ ಮುಂದೆ ಚಪ್ಪಲಿ ಬಿಟ್ಟು ನಿಂತಳು. ನಾನೂ ಶೂ ಬಿಚ್ಚಿದೆ. ಹುಲ್ಲು ಒದ್ದೆ ಇತ್ತು. ಚರ್ಚಿನ ಗೋಡೆ ಮೇಲೆ 1775ರ ದೊಡ್ಡ ಸೂರ್ಯ ಗಡಿಯಾರ ಇದೆ, ದೂರ ದೂರದ ಊರುಗಳ ಹೆಸರನ್ನೂ ಅದರಲ್ಲಿ ಕೆತ್ತಿದ್ದಾರೆ. ಮೋಡ ಇದ್ದದ್ದರಿಂದ ನೆರಳು ಬಿದ್ದಿರಲಿಲ್ಲ.

ಮ್ಯೂಸಿಯಂ ಚಿಕ್ಕದು, ಹಳೆಯ ಪ್ರಾರ್ಥನಾ ಮಂದಿರದ ಕಟ್ಟಡ. ಅದರ ಮೇಲೆ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ತೋರಿಸೋ ಲೋಹದ ಗೊಂಬೆ ಇದೆ. ಸಾಮಾನ್ಯವಾಗಿ ಹುಂಜ ಇರುತ್ತದೆ. ಇಲ್ಲಿ ಇಲಿ. ಅಮ್ಮನೇ ಮೊದಲು ನೋಡಿದ್ದು. ತಲೆ ಎತ್ತಿ ನೋಡಿದವಳು ಹಾಗೇ ನಿಂತುಬಿಟ್ಟಳು.

"ನಮ್ಮಜ್ಜಿ ಹೇಳೋಳು, ಇಲಿ ಬಿತ್ತು ಅಂದ್ರೆ ಊರು ಬಿಡೋದೇ ಅಂತ."

ಈ ಮಾತು ನಾನು ಚಿಕ್ಕಂದಿನಲ್ಲಿ ಅರ್ಧಂಬರ್ಧ ಕೇಳಿದ್ದೆ. ಇವತ್ತು ಆ ಊರಿನ ಬೆಂಚಿನ ಮೇಲೆ ಕೂತು, ಡಬ್ಬಿಯ ಪುಳಿಯೋಗರೆ ತಿನ್ನುತ್ತಾ ಪೂರ್ತಿ ಕೇಳಿದೆ. ತಿಪಟೂರು ಕಡೆಯ ಹಳ್ಳಿ. ಅಮ್ಮನ ಅಜ್ಜಿಗೆ ಆಗ ಏಳೆಂಟು ವರ್ಷ. ಮನೆಯ ಅಟ್ಟದಿಂದ ಇಲಿ ಬಿದ್ದು ಸತ್ತ ದಿನವೇ ಪಾತ್ರೆ, ರಾಗಿ, ದನ ಎಲ್ಲ ಹೊಡೆದುಕೊಂಡು ಹೊಲಕ್ಕೆ ಹೋಗಿ ತೆಂಗಿನ ಗರಿಯ ಗುಡಿಸಲು ಹಾಕಿದರು. ಊರಿಗೆ ಊರೇ ಹೊಲದಲ್ಲಿ. ತಿಂಗಳುಗಟ್ಟಲೆ. ಅಷ್ಟಾದರೂ ಅಜ್ಜಿಯ ಒಡಹುಟ್ಟಿದವರು ಎರಡು ಮಕ್ಕಳು ಹೋದವು. ಕಂಕುಳಲ್ಲಿ ಗಡ್ಡೆ ಎದ್ದು, ಎರಡೇ ದಿನದ ಜ್ವರ.

"ನಮ್ಮವರು ಊರು ಬಿಟ್ಟರು, ಇವರು ಯಾಕೆ ಬಿಡಲಿಲ್ಲ?" ಅಂತ ಅಮ್ಮ ಕೇಳಿದಳು.

ಈ ಪ್ರಶ್ನೆ ದಿನವಿಡೀ ನನ್ನ ಹಿಂದೆಯೇ ಬಂತು. ನಮ್ಮವರು ಊರು ಬಿಟ್ಟರೂ ಬೇರೆ ಊರಿಗೆ ಹೋಗಲಿಲ್ಲ, ತಮ್ಮ ಹೊಲಕ್ಕೇ ಹೋದರು. ಇಲಿಯೂ ಚಿಗಟವೂ ಮನೆಯಲ್ಲೇ ಉಳಿದವು, ಜನ ಆಚೆ ಬಂದರು. ಯಾರೂ ವಿಜ್ಞಾನ ಹೇಳಿಕೊಡದೆ ಕಂಡುಕೊಂಡ ದಾರಿ ಅದು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆ ಅಂತ ಪಾಲ್ ಲೂಯಿ ಸಿಮೋಂ ಅನ್ನೋ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕಂಡುಹಿಡಿದದ್ದು 1898ರಲ್ಲಿ. ಬೆಂಗಳೂರಿಗೆ ಪ್ಲೇಗು ಬಂದದ್ದೂ ಅದೇ ವರ್ಷ. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದೂ ಆ ಪ್ಲೇಗಿನಿಂದಲೇ. ಈಮ್ ಜನಕ್ಕೆ ಇದ್ಯಾವುದೂ ಗೊತ್ತಿರಲಿಲ್ಲ. ಅವರು ಹೊರಗಿನವರನ್ನು ಉಳಿಸಿದರು, ತಾವು ಇಲಿಗಳ ಜೊತೆಯಲ್ಲೇ ಮನೆಯೊಳಗೆ ಉಳಿದರು. ಅವರ ತ್ಯಾಗದ ಕಥೆಯನ್ನು ಮುಂದಿನ ಕಾಲದವರು ಬೆಳೆಸಿ ಹೇಳಿದ್ದಾರೆ ಅನ್ನೋ ವಾದವೂ ಇದೆ. ಇರಬಹುದು. ಆದರೆ ಹೆಸರುಗಳು ಬೆಳೆಸಿದ್ದಲ್ಲ, ಚರ್ಚಿನ ಪುಸ್ತಕದಲ್ಲಿ ಒಂದೊಂದಾಗಿ ಬರೆದಿಟ್ಟಿದ್ದಾರೆ.

ಊಟ ಆದ ಮೇಲೆ ಈಮ್ ಹಾಲ್ ಮುಂದೆ ಹಾದುಹೋದೆವು. ಪ್ಲೇಗು ಮುಗಿದ ಕೆಲವೇ ವರ್ಷಕ್ಕೆ ಕಟ್ಟಿದ ದೊಡ್ಡ ಮನೆ ಅದು. ಎದುರಿಗೆ ಹುಲ್ಲಿನ ಮೇಲೆ ತಪ್ಪು ಮಾಡಿದವರ ಕಾಲು ಸಿಕ್ಕಿಸುತ್ತಿದ್ದ ಹಳೇ ಮರದ ಕೊರಡು. ಅಲ್ಲಿ ಜಾಸ್ತಿ ನಿಲ್ಲಲಿಲ್ಲ.

ರೈಲಿ ಸಮಾಧಿಗಳಿಗೆ ಊರಿಂದ ಪೂರ್ವಕ್ಕೆ ಏರುದಾರಿ. ಅಮ್ಮ ನಾಲ್ಕು ಸಲ ಕೂತು ಎದ್ದು ಬಂದಳು. ಹೊಲದ ಮಧ್ಯೆ ಗುಂಡಗೆ ಒಂದು ಕಲ್ಲುಗೋಡೆ, ಒಳಗೆ ಏಳು ಸಮಾಧಿ, ಸುತ್ತ ಕುರಿಗಳು. 1666ರ ಆಗಸ್ಟ್ 3ರಿಂದ 10ರೊಳಗೆ, ಎಂಟು ದಿನದಲ್ಲಿ, ಎಲಿಜಬೆತ್ ಹ್ಯಾನ್‌ಕಾಕ್ ಅನ್ನೋ ಹೆಂಗಸು ತನ್ನ ಗಂಡನನ್ನೂ ಆರು ಮಕ್ಕಳನ್ನೂ ಇಲ್ಲಿ ಒಬ್ಬಳೇ ಹೂತಳು. ಹತ್ತಿರ ಬರಲು ಯಾರೂ ಇಲ್ಲ. ಗುಂಡಿ ತೋಡಿದವಳೂ ಅವಳೇ, ಹೆಣ ಎಳೆದು ತಂದವಳೂ ಅವಳೇ. ಅವಳಿಗೆ ರೋಗ ಬರಲಿಲ್ಲ.

ಅಮ್ಮ ಗೋಡೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಒಂದು ಕುರಿ ಬಂದು ಅವಳ ಸೀರೆ ಸೆರಗು ಮೂಸಿತು. ಅಮ್ಮ ಅದರ ತಲೆ ಸವರಿದಳು, ಮಾತಾಡಲಿಲ್ಲ.

ಕೊನೆಗೆ ಗಡಿ ಕಲ್ಲು. ಈಮ್‌ಗೂ ಕೆಳಗಿನ ಸ್ಟೋನಿ ಮಿಡಲ್ಟನ್ ಊರಿಗೂ ನಡುವಿನ ಹೊಲದಲ್ಲಿದೆ. ಮೊಣಕಾಲೆತ್ತರವೂ ಇಲ್ಲದ ಬಂಡೆ, ಮೇಲೆ ಆರು ತೂತು. ಆಗ ಈಮ್ ಜನ ಈ ತೂತುಗಳಲ್ಲಿ ವಿನೆಗರ್ ತುಂಬಿ ಅದರಲ್ಲಿ ದುಡ್ಡು ಹಾಕಿಟ್ಟು ಹಿಂದೆ ಸರಿಯುತ್ತಿದ್ದರು. ಹುಳಿಯಲ್ಲಿ ದುಡ್ಡಿನ ರೋಗ ಹೋಗುತ್ತದೆ ಅನ್ನೋ ನಂಬಿಕೆ. ಕೆಳಗಿನ ಊರಿನವರು ಬ್ರೆಡ್ಡು, ಮಾಂಸ ಇಟ್ಟು ದುಡ್ಡು ತೆಗೆದುಕೊಂಡು ಹೋಗುತ್ತಿದ್ದರು. ಉತ್ತರದ ಗುಡ್ಡದಲ್ಲಿ ಮಾಂಪೆಸನ್ ಹೆಸರಿನ ಊಟೆಯ ಹತ್ತಿರವೂ ಹೀಗೇ ನಡೆಯುತ್ತಿತ್ತು. ಚಾಟ್ಸ್‌ವರ್ತ್ ಅರಮನೆಯ ಒಡೆಯರಾದ ಅರ್ಲ್ ಕೂಡ ದವಸ ಕಳಿಸಿದರಂತೆ.

ನಾನು ಒಂದು ತೂತಿನಲ್ಲಿ ಬೆರಳು ಹಾಕಿದೆ. ನಮ್ಮ ಒರಳಿನ ಗುಳಿಯ ಹಾಗೆ ಅಂಚು ಸವೆದು ನುಣ್ಣಗಾಗಿದೆ. ಒಳಗೆ ಮಳೆನೀರು, ನೀರಿನ ತಳದಲ್ಲಿ ಯಾರೋ ಹಾಕಿಹೋದ ಎರಡು ಚಿಲ್ಲರೆ ಕಾಸು. ಬೆರಳಿಗೆ ತಣ್ಣಗೆ ತಾಗಿತು. ಅಮ್ಮ ಪರ್ಸು ತೆಗೆದು ಒಂದು ರೂಪಾಯಿ ನಾಣ್ಯ ಹುಡುಕಿ ಹಾಕಿದಳು. ಪೌಂಡ್ ಅಲ್ಲ, ನಮ್ಮ ರೂಪಾಯಿ.

ಈ ಊರು ಸುಂದರವಾಗಿದೆ, ಅದಕ್ಕೇ ಜನ ಬರುತ್ತಾರೆ, ಬರಲಿ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹಸಿರು ಫಲಕಗಳು. ಅದರ ಪಕ್ಕದಲ್ಲೇ ಮನೆಯವರು ಬಟ್ಟೆ ಒಣಹಾಕಿದ್ದರು, ಒಂದು ಮನೆ ಮುಂದೆ ಮಗುವಿನ ಮೂರು ಚಕ್ರದ ಸೈಕಲ್ ಇತ್ತು. ಸುಮಾರು 350 ವರ್ಷದ ಹಿಂದೆ ಸತ್ತ ನಾಲ್ಕೈದು ವರ್ಷದ ಮಗುವಿನ ಹೆಸರನ್ನೂ ಬಾಗಿಲಲ್ಲಿಟ್ಟುಕೊಂಡು ಬದುಕುತ್ತಿದ್ದಾರೆ. ನಮ್ಮಲ್ಲಿ ಪ್ಲೇಗ್ ಮಾರಮ್ಮನ ಗುಡಿಗಳಿವೆ, ದೇವಿಗೆ ಪೂಜೆ ಇದೆ, ಹೋದವರ ಹೆಸರಿಲ್ಲ. ನಮ್ಮ ಮನೆಯ ಆ ಎರಡು ಮಕ್ಕಳ ಹೆಸರೇನು ಅಂತ ಅಮ್ಮನನ್ನು ಕೇಳಿದೆ. "ಗೊತ್ತಿಲ್ವೇ. ಅಜ್ಜಿ 'ಪ್ಲೇಗಿನಲ್ಲಿ ಹೋದವು' ಅಂತ ಮಾತ್ರ ಅನ್ನೋಳು. ಅಕ್ಕನಿಗೆ ಗೊತ್ತಿರಬಹುದು."

ಬಸ್ ಸ್ಟಾಪಿನಲ್ಲಿ ಕೂತು ದೊಡ್ಡಮ್ಮನಿಗೆ ಫೋನ್ ಹಚ್ಚಿದಳು. ಅಲ್ಲಿ ರಾತ್ರಿ ಒಂಬತ್ತು ದಾಟಿತ್ತು. ಮೊದಲು ಮಂಡಿನೋವು, ಚಳಿ, ಊಟ ಎಲ್ಲ ಆಯಿತು. ಆಮೇಲೆ ಅಮ್ಮ ಕೇಳಿದಳು. ಸ್ಪೀಕರಿನಲ್ಲಿ ಹಾಕಿದ್ದರಿಂದ ನನಗೂ ಕೇಳಿಸಿತು.

"ಎರಡಲ್ವೇ, ಮೂರು" ಅಂದರು ದೊಡ್ಡಮ್ಮ. "ಕೊನೇದು ಎದೆಹಾಲು ಕುಡಿಯೋ ಕೂಸು. ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ. ಮಿಕ್ಕ ಎರಡರದ್ದು ಬೆಳಿಗ್ಗೆ ಊರಿಗೆ ಫೋನ್ ಮಾಡಿ ಕೇಳ್ತೀನಿ ತಡಿ."

ಬಸ್ಸು ಬಂತು. ಅಮ್ಮ ಕಿಟಕಿ ಪಕ್ಕ ಕೂತಳು. ಗುಡ್ಡ ಹತ್ತುವವರೆಗೂ ಫೋನ್ ಕೈಯಲ್ಲೇ ಹಿಡಿದುಕೊಂಡಿದ್ದಳು.

ಮೇಲೆ 'ಎರಡು ಮಕ್ಕಳು' ಅಂತ ಬರೆದಿದ್ದೇನೆ. ಬೆಂಚಿನ ಮೇಲೆ ಕೇಳಿದ್ದು ಹಾಗೆ, ಹಾಗೇ ಬಿಟ್ಟಿದ್ದೇನೆ. ದೊಡ್ಡಮ್ಮ ನಾಳೆ ಫೋನ್ ಮಾಡುತ್ತಾರೆ.