ಮಲೆನಾಡಿನ ಮಳೆಗಾಲದಲ್ಲಿ ಎಸ್ಕಾಫ್ಲೋನ್: ಯಾವ ಡಿಸ್ಕ್ ಕೊಳ್ಳಬೇಕು, ಹೇಗೆ ಕಾಪಾಡಬೇಕು

‘ದಿ ವಿಷನ್ ಆಫ್ ಎಸ್ಕಾಫ್ಲೋನ್’ ಎಂಬ ಜಪಾನಿ ಅನಿಮೆ (ಅನಿಮೇಷನ್) ಸರಣಿಯ ಮೊದಲ 7 ಕಂತುಗಳು ಎರಡು ರೂಪದಲ್ಲಿವೆ. 1996ರಲ್ಲಿ ಟಿವಿ ಟೋಕಿಯೋದಲ್ಲಿ ಬಂದಾಗ ಸಮಯಕ್ಕೆ ಹೊಂದಿಸಲು ಕೆಲವು ದೃಶ್ಯಗಳನ್ನು ಕತ್ತರಿಸಿದ್ದರು. ಜಪಾನಿನ ಹೋಮ್ ವಿಡಿಯೋ ಆವೃತ್ತಿಯಲ್ಲಿ ಅವನ್ನು ಮತ್ತೆ ಸೇರಿಸಿದರು. ಈ ಸರಣಿಯನ್ನು ಡಿಸ್ಕಿನಲ್ಲೇ ಕೊಳ್ಳಿ ಎಂದು ನಾನು ಹಟ ಹಿಡಿಯುವುದಕ್ಕೆ ಮುಖ್ಯ ಕಾರಣ ಇದು.

ನಿರ್ದೇಶಕ ಕಝುಕಿ ಅಕಾನೆ, ಸ್ಟುಡಿಯೋ ಸನ್‌ರೈಸ್, ಒಟ್ಟು 26 ಕಂತು. ಮೊದಲಿಗೆ 39 ಕಂತಿಗೆ ಯೋಜಿಸಿದ್ದ ಕಥೆ ಇದು. ಅಷ್ಟನ್ನೂ 26ರಲ್ಲಿ ತುಂಬಿಸಿದ್ದರಿಂದ ಘಟನೆಗಳು ಒಂದರ ಹಿಂದೊಂದು ಓಡುತ್ತವೆ. ನಾಯಕಿ ಹಿತೋಮಿ ಶಾಲೆಯ ಓಟಗಾರ್ತಿ, ಟ್ಯಾರೋ ಎಂಬ ಚಿತ್ರದ ಇಸ್ಪೀಟ್ ಎಲೆ ಹಾಕಿ ಭವಿಷ್ಯ ಹೇಳುವವಳು. ನೂರು ಮೀಟರನ್ನು 13 ಸೆಕೆಂಡಿನೊಳಗೆ ಓಡಿದರೆ ಮೊದಲ ಮುತ್ತು ಕೊಡಬೇಕು ಎಂದು ತಾನು ಮೆಚ್ಚಿದ ಹುಡುಗ ಅಮಾನೋನನ್ನು ಕೇಳುತ್ತಾಳೆ. ಅವಳು ಓಡುತ್ತಿರುವಾಗಲೇ ಟ್ರ್ಯಾಕ್ ಮೇಲೆ ಬೆಳಕಿನ ಕಂಬದೊಳಗಿಂದ ಗಾಯಾ ಎಂಬ ಬೇರೆ ಲೋಕದ ರಾಜಕುಮಾರ ವಾನ್ ಪ್ರತ್ಯಕ್ಷನಾಗುತ್ತಾನೆ. ಅಜ್ಜಿ ಕೊಟ್ಟ ಅವಳ ಕೊರಳ ಪದಕ ಸರಿಯಾಗಿ ಸೆಕೆಂಡಿಗೊಮ್ಮೆ ತೂಗಾಡುತ್ತದೆ. ಮುಂದೆ ಗಾಯಾ ಲೋಕದಲ್ಲಿ ವಾನ್, ಯೋಧ ಅಲೆನ್, ಹಿತೋಮಿ ಈ ಮೂವರ ನಡುವಿನ ಎಳೆದಾಟ ಮಾತಿಗಿಂತ ಹೆಚ್ಚಾಗಿ ನೋಟದಲ್ಲಿ, ಮೌನದಲ್ಲಿ ನಡೆಯುತ್ತದೆ. ಇಂಥ ಕಥೆಯಲ್ಲಿ ಮೊದಲ ಕಂತುಗಳ ಒಂದೊಂದು ನಿಮಿಷವೂ ಮುಖ್ಯ. ಅಮೆರಿಕದ ಫಾಕ್ಸ್ ಕಿಡ್ಸ್ ವಾಹಿನಿ 2000ದಲ್ಲಿ ಮೊದಲ ಕಂತನ್ನೇ ಬಿಟ್ಟು ಪ್ರಸಾರ ಮಾಡಿತು. ಪ್ರೇಮಕಥೆಯ ಬೇರನ್ನೇ ಕಿತ್ತ ಹಾಗಾಯಿತು.

ವಿಸ್ತರಿಸಿದ ಕಂತುಗಳು ಬೇಕಿದ್ದರೆ 2016ರ ಫ್ಯೂನಿಮೇಷನ್ ಬ್ಲೂ-ರೇ ಹುಡುಕಿ. ಅವುಗಳಿಗೂ ಇಂಗ್ಲಿಷ್ ಡಬ್ಬಿಂಗ್ ಮಾಡಿಸಲು ಆ ಕಂಪನಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ಹಣ ಸಂಗ್ರಹಿಸಿತ್ತು. ಡಬ್ಬಿಂಗ್ ಏನೇ ಇರಲಿ, ನಾನು ಜಪಾನಿ ಧ್ವನಿಯ ಪಕ್ಷ. ಹಿತೋಮಿಗೆ ದನಿ ಕೊಟ್ಟ ಮಾಯಾ ಸಕಾಮೊಟೊ ಅವರೇ ಶೀರ್ಷಿಕೆ ಗೀತೆಯನ್ನೂ ಹಾಡಿದ್ದಾರೆ. ಸಂಗೀತ ಯೋಕೋ ಕನ್ನೋ ಮತ್ತು ಹಾಜಿಮೆ ಮಿಝೊಗುಚಿ ಅವರದು.

ಈಗ ಕಷ್ಟದ ವಿಷಯ, ರೀಜನ್ ಕೋಡ್, ಅಂದರೆ ಒಂದು ಪ್ರದೇಶದ ಡಿಸ್ಕ್ ಇನ್ನೊಂದು ಪ್ರದೇಶದ ಪ್ಲೇಯರ್‌ನಲ್ಲಿ ಓಡದಂತೆ ಹಾಕಿದ ಬೀಗ. ಬ್ಲೂ-ರೇಯಲ್ಲಿ ಅಮೆರಿಕ, ಜಪಾನ್ ಎರಡೂ ‘ಎ’, ಬ್ರಿಟನ್ ‘ಬಿ’, ಭಾರತ ‘ಸಿ’. ಡಿವಿಡಿಯಲ್ಲಿ ಅಮೆರಿಕ 1, ಜಪಾನ್ ಮತ್ತು ಬ್ರಿಟನ್ 2, ನಾವು 5. ಶಿವಮೊಗ್ಗದ ಅಂಗಡಿಯಲ್ಲಿ ಕೊಂಡ ಪ್ಲೇಯರ್‌ಗೆ ‘ಎ’ ಡಿಸ್ಕ್ ಹಾಕಿದರೆ ಪರದೆ ಮೇಲೆ ಒಂದು ಎಚ್ಚರಿಕೆ ಬಂದು ನಿಲ್ಲುತ್ತದೆ, ಅಷ್ಟೇ. ಮಲ್ಟಿ ರೀಜನ್ ಎಂದು ಮಾರುವ ಪ್ಲೇಯರ್‌ಗಳಲ್ಲಿ ಬಹಳಷ್ಟು ಡಿವಿಡಿಗೆ ಮಾತ್ರ ಮಲ್ಟಿ ರೀಜನ್. ಬ್ಲೂ-ರೇಗೂ ಎ, ಬಿ, ಸಿ ಮೂರೂ ತೆರೆದಿದೆಯೇ ಎಂದು ಬಿಡಿಸಿ ಕೇಳಿ. ಹೊರದೇಶದಿಂದ ಪ್ಲೇಯರ್ ತರಿಸಿದರೆ ಹಿಂಬದಿಯ ಪಟ್ಟಿಯಲ್ಲಿ 100–240 ವೋಲ್ಟ್ ಎಂದಿರಬೇಕು. ಬರೀ 120 ಎಂದಿದ್ದರೆ ನಮ್ಮ 230ಕ್ಕೆ ನೇರ ಚುಚ್ಚಿದ ಕ್ಷಣವೇ ಸುಡುತ್ತದೆ. ಕಂಪ್ಯೂಟರಿನ ಡಿವಿಡಿ ಡ್ರೈವ್‌ನಲ್ಲಿ ರೀಜನ್ ಬದಲಿಸಲು 5 ಅವಕಾಶ ಮಾತ್ರ, ಆಮೇಲೆ ಅದು ಕೊನೆಯ ಆಯ್ಕೆಗೇ ಬೀಗ ಹಾಕಿಕೊಳ್ಳುತ್ತದೆ. ಜಪಾನಿನಲ್ಲಿ ಮಾರುವ ಪೆಟ್ಟಿಗೆಗಳು ಎಷ್ಟು ಚಂದ ಇದ್ದರೂ ಅವುಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಸಬ್‌ಟೈಟಲ್ ಇರುವುದಿಲ್ಲ.

ಅಗ್ಗದ ನಕಲಿಯನ್ನು ಗುರುತಿಸುವುದು ಸುಲಭ. 26 ಕಂತನ್ನು ಎರಡು ಮೂರು ಡಿವಿಡಿಗೆ ತುರುಕಿದ್ದರೆ, ‘ಆಲ್ ರೀಜನ್’ ಎಂದು ದೊಡ್ಡದಾಗಿ ಬರೆದಿದ್ದರೆ, ಡಿಸ್ಕಿನ ತಳ ಬೆಳ್ಳಿಯ ಬದಲು ನೇರಳೆ ಹೊಳೆದರೆ ಅನುಮಾನಿಸಿ. ನೇರಳೆ ಎಂದರೆ ಮನೆಯಲ್ಲಿ ಬರೆದ ಡಿಸ್ಕ್. ಅದರೊಳಗಿನ ಬಣ್ಣದ ಪದರ ಕಾಲಕ್ರಮೇಣ ಮಾಸುತ್ತದೆ.

ಟಿವಿ ಸೆಟ್ಟಿಂಗ್ ಮೇಲೆ ಹತ್ತು ನಿಮಿಷ ಖರ್ಚು ಮಾಡಿದರೆ ಸರಣಿಯ ರೂಪವೇ ಬದಲಾಗುತ್ತದೆ. ಇದು 4:3 ಚಿತ್ರ, ಎರಡೂ ಬದಿ ಕಪ್ಪು ಪಟ್ಟಿ ಇರಲೇಬೇಕು. ಹಿಗ್ಗಿಸಿದರೆ ನೊಬುತೆರು ಯೂಕಿ ಬಿಡಿಸಿದ ಉದ್ದ ಮೂಗಿನ ನೀಳ ಮುಖಗಳು ಚಪ್ಪಟೆಯಾಗುತ್ತವೆ. ಪ್ಲೇಯರ್‌ನಲ್ಲಿ 24 ಫ್ರೇಮ್ ಔಟ್‌ಪುಟ್ ಆನ್ ಇರಲಿ. ಟಿವಿಯ ಮೋಷನ್ ಸ್ಮೂತಿಂಗ್ ಪೂರ್ತಿ ಆಫ್ ಆಗಬೇಕು. ಕೈಯಿಂದ ಬಿಡಿಸಿದ ಅನಿಮೆಯಲ್ಲಿ ಸೆಕೆಂಡಿಗೆ 24 ಫ್ರೇಮ್ ಓಡಿದರೂ ಹೊಸ ಚಿತ್ರ ಬರುವುದು 12 ಅಥವಾ 8 ಮಾತ್ರ. ಟಿವಿ ನಡುವಿನ ಚಿತ್ರಗಳನ್ನು ತಾನೇ ಊಹಿಸಿ ತುಂಬಿದರೆ ವಾನ್‌ನ ಕತ್ತಿಯ ಸುತ್ತ ಗಾಳಿಯೇ ಕರಗಿದಂತೆ ಕಲೆಗಳು ಏಳುತ್ತವೆ. ಶಾರ್ಪ್‌ನೆಸ್ ಸೊನ್ನೆಗೆ ಇಳಿಸಿ, ಇಲ್ಲವಾದರೆ ಗೆರೆಗಳ ಪಕ್ಕ ಬಿಳಿ ಅಂಚು ಕಾಣುತ್ತದೆ. ನಾಯ್ಸ್ ರಿಡಕ್ಷನ್ ಕೂಡ ಬೇಡ. ಪರದೆಯಲ್ಲಿ ಕಾಣುವ ಸಣ್ಣ ಮರಳು ಫಿಲಂನದು. ಅದನ್ನು ಒರೆಸಿದರೆ ಹಿನ್ನೆಲೆಯ ಬಣ್ಣದ ಕುಂಚವೂ ಅಳಿಸಿಹೋಗುತ್ತದೆ.

ಆರಿದ್ರಾ ಮಳೆ ಹಿಡಿದ ಮೇಲೆ ತೀರ್ಥಹಳ್ಳಿ, ಹೊಸನಗರ ಕಡೆ ಕರೆಂಟ್ ಹೋಗುತ್ತದೆ, ಹಿಂದೆಯೇ ಟವರ್ ಬ್ಯಾಟರಿಯೂ ಮುಗಿಯುತ್ತದೆ. ಸ್ಟ್ರೀಮಿಂಗ್ ಅಲ್ಲಿಗೆ ನಿಂತಿತು. 32 ಇಂಚಿನ ಎಲ್‌ಇಡಿ ಟಿವಿ ಮತ್ತು ಪ್ಲೇಯರ್ ಸೇರಿ ನೂರು ವ್ಯಾಟ್ ಒಳಗೇ ಎಳೆಯುವುದರಿಂದ ಮನೆಯ ಇನ್ವರ್ಟರ್‌ನಲ್ಲಿ ಮೂರ್ನಾಲ್ಕು ಕಂತು ಆರಾಮಾಗಿ ನೋಡಬಹುದು. ಆದರೆ ಅದೇ ಮಳೆ ಡಿಸ್ಕಿನ ಶತ್ರು. ಗಾಳಿಯ ತೇವಾಂಶ ಶೇ. 65–70 ದಾಟಿ ನಿಂತರೆ ಬೂಷ್ಟು ಬೆಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಅದಕ್ಕಿಂತ ಕಡಿಮೆಯಾಗುವ ದಿನಗಳೇ ಅಪರೂಪ.

ಬ್ಲೂ-ರೇಗೆ ಬೂಷ್ಟು ಹೆಚ್ಚು ಕಾಡುವುದಕ್ಕೆ ಕಾರಣವಿದೆ. ಡಿವಿಡಿಯಲ್ಲಿ ಮಾಹಿತಿ ಇರುವ ಪದರ ಮೇಲ್ಮೈಯಿಂದ 0.6 ಮಿ.ಮೀ. ಒಳಗಿದೆ, ಬ್ಲೂ-ರೇಯಲ್ಲಿ ಬರೀ 0.1 ಮಿ.ಮೀ. ಹಾಗಾಗಿ ಮೇಲ್ಮೈ ದಾಟುವಾಗಲೇ ಲೇಸರ್ ಕಿರಣ ಬಹಳ ಕಿರಿದಾಗಿರುತ್ತದೆ. ಡಿವಿಡಿ ಲೆಕ್ಕಕ್ಕೇ ಇಡದ ಸಣ್ಣ ಕಲೆ ಇಲ್ಲಿ ಕಿರಣವನ್ನು ಪೂರ್ತಿ ಮುಚ್ಚಿಬಿಡುತ್ತದೆ. ಗಟ್ಟಿ ಲೇಪನ ಗೀರನ್ನು ತಡೆಯುತ್ತದೆಯೇ ಹೊರತು ಬೂಷ್ಟನ್ನಲ್ಲ.

ರಬ್ಬರ್ ಅಂಚಿನ, ಗಾಳಿಯಾಡದ 20 ಲೀಟರ್ ಡಬ್ಬ ಒಂದು, ತೇವ ಹೀರುವ ಸಿಲಿಕಾ ಜೆಲ್ 200 ಗ್ರಾಂ, ತೇವಾಂಶ ಅಳೆಯುವ ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಒಂದು, ಇಷ್ಟು ಸಾಕು. ಅಷ್ಟು ದೊಡ್ಡ ಡಬ್ಬದ ಗಾಳಿಯಲ್ಲಿ ಮಳೆಗಾಲದಲ್ಲೂ ಅರ್ಧ ಗ್ರಾಂ ನೀರು ಇರುವುದಿಲ್ಲ. ತೇವ ಕೂತಿರುವುದು ಕಾಗದದಲ್ಲಿ. ಥಂಡಿ ಹಿಡಿದ ನೂರು ಗ್ರಾಂ ಕಾಗದದಲ್ಲಿ ಹತ್ತು ಗ್ರಾಂಗಿಂತ ಹೆಚ್ಚು ನೀರಿರಬಹುದು. ಆದ್ದರಿಂದ ಮಳೆ ಶುರುವಾಗುವ ಮುಂಚೆ, ಮೇ ತಿಂಗಳ ಒಣ ಹಗಲಿನಲ್ಲಿ ಡಬ್ಬ ತುಂಬಿಸಿ. ಪುಸ್ತಿಕೆ, ಹೊರಪೆಟ್ಟಿಗೆಗಳನ್ನು ಒಂದು ದಿನ ನೆರಳಲ್ಲಿ ಹರಡಿ, ಆಮೇಲೆ ಜಿಪ್ ಚೀಲದಲ್ಲಿ ಬೇರೆ ಇಡಿ. ಬಿಸಿಲಿಗೆ ಹಾಕಬೇಡಿ, ಮುದ್ರಣದ ಬಣ್ಣ ಹೋಗುತ್ತದೆ. ಮೀಟರ್ ಶೇ. 40–50 ತೋರಿಸುತ್ತಿರಲಿ. ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳಿರುವ ಮನೆಗೆ ಅದು ಬೇಡ. ಬಣ್ಣ ತಿರುಗಿದಾಗ 110–120 ಡಿಗ್ರಿಯಲ್ಲಿ ಎರಡು ಗಂಟೆ ಓವನ್‌ನಲ್ಲಿ ಒಣಗಿಸಿ, ತಣಿದ ಮೇಲೆ ವಾಪಸ್ ಹಾಕಿ. ಅಟ್ಟ ಬೆಚ್ಚಗಿರುತ್ತದೆ ಎಂದು ಡಬ್ಬವನ್ನು ಅಲ್ಲಿಡುವವರಿದ್ದಾರೆ. ಕೆಳಗೆ ಬಚ್ಚಲು ಒಲೆ ಇದ್ದರೆ ಮುಚ್ಚಳ ತೆಗೆದಾಗೆಲ್ಲ ಹೊಗೆಯ ಜಿಡ್ಡು ಒಳಗೆ ಹೋಗುತ್ತದೆ. ಜಂಬಿಟ್ಟಿಗೆ ಗೋಡೆಗೂ ಒರಗಿಸಬೇಡಿ, ನಾಲ್ಕು ಇಂಚು ಬಿಡಿ.

ಬೂಷ್ಟು ಬಂದೇಬಿಟ್ಟರೆ ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಬೆರಳ ತುದಿಯಿಂದ ಹಗುರಾಗಿ ಉಜ್ಜಿ ತೊಳೆಯಿರಿ. ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತಲೂ ಅಲ್ಲ. ಸುತ್ತು ಗೀರು ಟ್ರ್ಯಾಕಿನ ಉದ್ದಕ್ಕೂ ಬಿದ್ದರೆ ದೋಷ ಸರಿಪಡಿಸುವ ವ್ಯವಸ್ಥೆಗೂ ಮೀರಿದ್ದು. ಥಿನ್ನರ್, ಪೆಟ್ರೋಲ್ ಹತ್ತಿರ ತರಬೇಡಿ.

ಚಿತ್ರ ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ತಪ್ಪು ಡಿಸ್ಕಿನದು. ಎಲ್ಲ ಡಿಸ್ಕಲ್ಲೂ ಎಲ್ಲೆಂದರಲ್ಲಿ ನಿಂತರೆ ಪ್ಲೇಯರ್ ಲೆನ್ಸಿನದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ಪ್ಲೇಯರ್ ಓಡಿಸುತ್ತಿದ್ದರೆ ಒಳಗಿನ ಬಿಸಿಗೆ ಲೆನ್ಸ್ ಒಣಗಿರುತ್ತದೆ. ಏಪ್ರಿಲ್–ಮೇ ಗುಡುಗಿನ ಕಾಲದಲ್ಲಿ ಮಾತ್ರ ಪ್ಲಗ್ ಕಿತ್ತರೆ ಸಾಲದು, ಎಚ್‌ಡಿಎಂಐ ಕೇಬಲ್ಲನ್ನೂ ಬಿಚ್ಚಿ. ಸಿಡಿಲು ಡಿಶ್ ವೈರ್ ಹಿಡಿದು ಟಿವಿಗೆ ಬಂದು, ಅಲ್ಲಿಂದ ಇದೇ ಕೇಬಲ್ ಮೂಲಕ ಪ್ಲೇಯರ್‌ಗೆ ಇಳಿಯುತ್ತದೆ.